ಪವಿತ್ರ ಗುರುವಾರದ ಮೂರು ಪ್ರಶ್ನೆಗಳು

1970ರಲ್ಲಿ ರೋಮ್ ಹೊರತಂದ ಹೊಸ ಪೂಜಾಗ್ರಂಥದ ಪವಿತ್ರ ವಾರದ ಪುಟಗಳಲ್ಲಿ, ಅದುವರೆಗೆ ಇಲ್ಲದಿದ್ದ ಒಂದು ಪುಟ್ಟ ಭಾಗ ಸೇರಿಕೊಂಡಿತ್ತು. ಜ್ಞಾನಸ್ನಾನಕ್ಕೆ, ದೃಢೀಕರಣಕ್ಕೆ, ರೋಗಿಗಳಿಗೆ ಹಚ್ಚುವ ಎಣ್ಣೆಗಳನ್ನು ಧರ್ಮಾಧ್ಯಕ್ಷರು ವರ್ಷಕ್ಕೊಮ್ಮೆ ಆಶೀರ್ವದಿಸುವ ಪದ್ಧತಿ ಬಹಳ ಹಳೆಯದು. ನಡುವೆ ಮಸುಕಾಗಿದ್ದ ಆ ತೈಲ ಪೂಜೆಯನ್ನು ಪವಿತ್ರ ಗುರುವಾರದ ಬೆಳಗಿಗೆ ಮರಳಿ ಪ್ರತ್ಯೇಕವಾಗಿ ತಂದವರು ಜಗದ್ಗುರು ಹನ್ನೆರಡನೇ ಪಿಯುಸ್, 1955ರಲ್ಲಿ. 1970ರಲ್ಲಿ ಅದಕ್ಕೆ ಹೊಸದಾಗಿ ಸೇರಿದ್ದು ಮೂರು ಪ್ರಶ್ನೆಗಳು. ಪ್ರಬೋಧನೆ ಮುಗಿದೊಡನೆ ಧರ್ಮಾಧ್ಯಕ್ಷರು ತಮ್ಮ ಗುರುಗಳನ್ನು ಜನರೆದುರಿಗೇ ಕೇಳುತ್ತಾರೆ: ದೀಕ್ಷೆಯ ದಿನ ಕೊಟ್ಟ ಮಾತನ್ನು ಇಂದು ಮತ್ತೆ ಕೊಡಲು ಸಿದ್ಧರಿದ್ದೀರಾ?

ಈಗಿನ ಬಹುತೇಕ ಕಥೋಲಿಕರಿಗೆ, ಕೆಲವು ಎಳೆಯ ಗುರುಗಳಿಗೂ, ಇದು ಅಪೊಸ್ತಲರ ಕಾಲದಿಂದ ಬಂದದ್ದು ಎಂಬ ಭಾವನೆಯಿದೆ. ಹಾಗಿಲ್ಲ. ಇದು ಹುಟ್ಟಿದ್ದು ಆತಂಕದಲ್ಲಿ. ಎರಡನೇ ವ್ಯಾಟಿಕನ್ ಮಹಾಸಭೆ ಮುಗಿದ ಬೆನ್ನಿಗೇ ಯುರೋಪು ಮತ್ತು ಅಮೆರಿಕದಲ್ಲಿ ಸಾವಿರಾರು ಮಂದಿ ಗುರುಗಳು ಅಂಗಿ ಕಳಚಿ ಹೊರಗೆ ನಡೆಯುತ್ತಿದ್ದರು. 1967ರ ಜೂನ್‌ನಲ್ಲಿ ಆರನೇ ಪೌಲ್ ಯಾಜಕರ ಬ್ರಹ್ಮಚರ್ಯದ ಕುರಿತು ಒಂದು ವಿಶ್ವಪತ್ರ ಬರೆದರು. ಅದು ಎಬ್ಬಿಸಿದ ವಾದವಿವಾದ ಎಲ್ಲರಿಗೂ ನೆನಪಿದೆ. ಅದರ ಕೊನೆಯ ಭಾಗದಲ್ಲಿದ್ದ ಸಣ್ಣ ಸಲಹೆ ಯಾರಿಗೂ ನೆನಪಿಲ್ಲ. ತನ್ನ ದೀಕ್ಷೆಯ ವಾರ್ಷಿಕ ದಿನದಂದೋ, ಇಲ್ಲವೇ ಪವಿತ್ರ ಗುರುವಾರ ಎಲ್ಲರೂ ಮನಸ್ಸಿನಲ್ಲಿ ಒಂದಾಗಿಯೋ, ಪ್ರತಿಯೊಬ್ಬ ಗುರುವೂ ತನ್ನ ಅರ್ಪಣೆಯನ್ನು ನವೀಕರಿಸಿಕೊಳ್ಳಲಿ ಎಂಬುದು ಆ ಸಲಹೆ. ಮೂರೇ ವರ್ಷಗಳಲ್ಲಿ ಅದು ಪೂಜಾವಿಧಿಯಾಯಿತು. ಕಷ್ಟಕಾಲದಲ್ಲಿ ಗುರುದೀಕ್ಷೆಗೆ ಮತ್ತೆ ಬದ್ಧರಾಗುವುದು ಹೇಗೆ ಎಂಬ ಇಂದಿನ ಪ್ರಶ್ನೆಗೆ ಧರ್ಮಸಭೆ ಅರ್ಧ ಶತಮಾನದ ಹಿಂದೆ ಕೊಟ್ಟುಕೊಂಡ ಉತ್ತರ ಇದು. ಆ ಉತ್ತರ ಇವತ್ತಿಗೆ ಸಾಲುತ್ತದೆಯೇ?

ವಿಧಿಯನ್ನೇ ಮೊದಲು ನೋಡೋಣ. ಧರ್ಮಪ್ರಾಂತ್ಯದ ಮೂಲೆಮೂಲೆಯ ಗುರುಗಳು ಪ್ರಧಾನಾಲಯಕ್ಕೆ ಬಂದು ಬಿಳಿಯ ಪೂಜಾವಸ್ತ್ರ ತೊಟ್ಟು ಸೇರುತ್ತಾರೆ. ಗುರುವಾರ ಸಂಜೆ ಎಲ್ಲರೂ ತಮ್ಮ ತಮ್ಮ ಧರ್ಮಕೇಂದ್ರಗಳಲ್ಲಿ ಕಡೆಯ ಭೋಜನದ ಪೂಜೆಗೆ ಇರಲೇಬೇಕಾದ್ದರಿಂದ, ದೂರದ ಊರುಗಳಿರುವ ಧರ್ಮಪ್ರಾಂತ್ಯಗಳು ಇದನ್ನು ವಾರದ ಮೊದಲಲ್ಲೇ ಮುಗಿಸಿಕೊಳ್ಳುವುದುಂಟು. ಪೂಜಾಗ್ರಂಥ ಅದಕ್ಕೆ ಅವಕಾಶ ಕೊಟ್ಟಿದೆ. ಮೊದಲ ಪ್ರಶ್ನೆ ಹಳೆಯ ಮಾತನ್ನು ಮತ್ತೆ ಕೊಡುವುದರ ಬಗ್ಗೆ. ಎರಡನೆಯದು ತನ್ನತನವನ್ನು ಬಿಟ್ಟು ಕ್ರಿಸ್ತನಿಗೆ ಇನ್ನಷ್ಟು ಹತ್ತಿರವಾಗುವ ಬಗ್ಗೆ. ಮೂರನೆಯದು ಸಂಸ್ಕಾರಗಳನ್ನೂ ಬೋಧನೆಯನ್ನೂ ನಂಬಿಗಸ್ತನಾಗಿ ನಡೆಸುವ ಬಗ್ಗೆ, ಅದರಲ್ಲೂ ಲಾಭದ ಆಸೆ ಇಲ್ಲದೆ ಎಂಬ ಷರತ್ತಿನೊಡನೆ. ಮೂರಕ್ಕೂ ಗುರುಗಳು ಒಕ್ಕೊರಲಿನಿಂದ ಸಿದ್ಧ ಎನ್ನುತ್ತಾರೆ. ಎಲ್ಲ ಸೇರಿ ಎರಡು ಮೂರು ನಿಮಿಷದ ಕೆಲಸ.

ಆಮೇಲಿನದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಧರ್ಮಾಧ್ಯಕ್ಷರು ಜನರ ಕಡೆ ತಿರುಗಿ, ಈ ಗುರುಗಳಿಗಾಗಿ ಬೇಡಿಕೊಳ್ಳಿ ಎನ್ನುತ್ತಾರೆ. ಕೂಡಲೇ ಇನ್ನೊಂದು ಮಾತು: ನನಗಾಗಿಯೂ ಬೇಡಿಕೊಳ್ಳಿ, ನನಗೊಪ್ಪಿಸಿದ ಹೊಣೆಗೆ ನಾನು ನಿಷ್ಠನಾಗಿ ಉಳಿಯುವಂತೆ. ಪ್ರಶ್ನೆ ಕೇಳಿದವರೇ ಇಲ್ಲಿ ಕೈಯೊಡ್ಡಿ ನಿಲ್ಲುತ್ತಾರೆ. ಕಳೆದ ಇಪ್ಪತ್ತೈದು ವರ್ಷಗಳ ಚರಿತ್ರೆ ಓದಿದವರಿಗೆ, ಇಡೀ ವಿಧಿಯಲ್ಲಿ ಅತ್ಯಂತ ಭಾರವಾದ ಮಾತು ಇದೇ ಎಂದು ಅನ್ನಿಸದೆ ಇರದು.

ಕೊಟ್ಟ ಮಾತು ಯಾವುದು ಎಂಬುದನ್ನೂ ಹೇಳಿಬಿಡಬೇಕು. ಹೊರಗಿನವರಿಗೆ ಇಲ್ಲಿ ಗೊಂದಲವಿದೆ. ಜೆಸ್ವಿಟರು, ಕಪುಚಿನರು, ಸಲೇಶಿಯನ್ನರಂಥ ಸಭೆಗಳ ಗುರುಗಳು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ ತೊಡುತ್ತಾರೆ. ಧರ್ಮಪ್ರಾಂತ್ಯದ ಗುರುವಿಗೆ, ಅಂದರೆ ನಮ್ಮ ಊರಿನ ಸಾಮಾನ್ಯ ವಿಚಾರಣಾ ಗುರುವಿಗೆ, ಬಡತನದ ವ್ರತವಿಲ್ಲ. ಗುರುದೀಕ್ಷೆಗೆ ಮೊದಲು ಡೀಕನ್ ಆಗುವಾಗ ಬ್ರಹ್ಮಚರ್ಯಕ್ಕೆ ಒಪ್ಪಿರುತ್ತಾನೆ. ಗುರುದೀಕ್ಷೆಯ ದಿನ ಮಂಡಿಯೂರಿ, ಜೋಡಿಸಿದ ಎರಡೂ ಕೈಗಳನ್ನು ಧರ್ಮಾಧ್ಯಕ್ಷರ ಕೈಗಳ ನಡುವೆ ಇಟ್ಟು, ಇವರಿಗೂ ಇವರ ನಂತರ ಬರುವವರಿಗೂ ಗೌರವ ಮತ್ತು ವಿಧೇಯತೆ ತೋರುತ್ತೇನೆ ಎನ್ನುತ್ತಾನೆ. ನಂತರ ಬರುವವರು ಯಾರೆಂದು ಆ ಹುಡುಗನಿಗೆ ಹೇಗೆ ಗೊತ್ತು? ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸಿನಲ್ಲಿ ಮುಖ ಕಾಣದವರಿಗೆ ಕೊಟ್ಟ ಮಾತು ಅದು. ಐವತ್ತೈದಕ್ಕೆ ಬರುವ ಹೊತ್ತಿಗೆ ಮಾತು ಕೊಟ್ಟ ಮನುಷ್ಯನೂ ಬದಲಾಗಿರುತ್ತಾನೆ, ಮಾತು ತೆಗೆದುಕೊಂಡವರೂ ಬದಲಾಗಿರುತ್ತಾರೆ. ವರ್ಷಕ್ಕೊಮ್ಮೆ ಮತ್ತೆ ಕೇಳುವುದರಲ್ಲಿ ಅರ್ಥವಿರುವುದು ಇದಕ್ಕೇ.

ಕಷ್ಟ ಎಂದಾಗ ಕಥೋಲಿಕರ ಮನಸ್ಸು ಮೊದಲು ಓಡುವುದು ಹೊರಗಿನ ಹಿಂಸೆಯ ಕಡೆಗೆ. ಅಂಥ ಕಥೆಗಳಿಗೆ ಬರವಿಲ್ಲ. 1975ರ ಏಪ್ರಿಲ್‌ನಲ್ಲಿ ವಿಯೆಟ್ನಾಂನ ಸೈಗಾನಿಗೆ ಸಹ ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡ ವಾನ್ ಥುವಾನ್ ಅವರನ್ನು ಅದೇ ಆಗಸ್ಟ್ 15ರಂದು ಬಂಧಿಸಲಾಯಿತು. ಹದಿಮೂರು ವರ್ಷ ಸೆರೆ, ಅದರಲ್ಲಿ ಒಂಬತ್ತು ವರ್ಷ ಏಕಾಂತದ ಕೋಣೆ. ಹೊಟ್ಟೆನೋವಿಗೆ ಔಷಧಿ ಕಳಿಸಿ ಎಂದು ಅವರು ಚೀಟಿ ಬರೆದರೆ, ಜನ ಅರ್ಥ ಮಾಡಿಕೊಂಡು ಔಷಧಿಯ ಹೆಸರಿನಲ್ಲಿ ಪೂಜೆಯ ದ್ರಾಕ್ಷಾರಸದ ಸಣ್ಣ ಶೀಶೆ ಕಳಿಸಿದರು. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು. ಅದೇ ಪೂಜಾಪೀಠ, ಅದೇ ಪಾತ್ರೆ. ತಾನು ಕಟ್ಟಬೇಕೆಂದಿದ್ದ ಕೆಲಸಗಳೆಲ್ಲ ಕೈತಪ್ಪಿದವೆಂದು ಕೊರಗುತ್ತಿದ್ದಾಗ, ದೇವರ ಕೆಲಸ ಬೇರೆ, ದೇವರು ಬೇರೆ, ನೀನು ಆರಿಸಿಕೊಂಡದ್ದು ಯಾವುದನ್ನು ಎಂಬ ಪ್ರಶ್ನೆ ತಮ್ಮೊಳಗೆ ಎದ್ದಿತೆಂದು ಅವರು ಬಿಡುಗಡೆಯ ನಂತರ ಬರೆದರು. ಶಾಲೆ, ಕಟ್ಟಡ, ಜಾತ್ರೆ, ದೇಣಿಗೆ ರಸೀದಿಗಳ ನಡುವೆ ಓಡಾಡುವ ನಮ್ಮ ಗುರುಗಳಿಗೆ ಇದಕ್ಕಿಂತ ಚುರುಕಾದ ಧ್ಯಾನದ ವಿಷಯ ನನಗೆ ಕಾಣದು.

ನಮ್ಮ ಹತ್ತಿರದ ಹೆಸರುಗಳೂ ಇವೆ. ಸಲೇಶಿಯನ್ ಸಭೆಯ ಬೆಂಗಳೂರು ಪ್ರಾಂತ್ಯಕ್ಕೆ ಸೇರಿದ ಫಾದರ್ ಟಾಮ್ ಉಳುನ್ನಾಲಿಲ್ ಅವರನ್ನು 2016ರ ಮಾರ್ಚ್ 4ರಂದು ಯೆಮನ್‌ನ ಏಡನ್‌ನಲ್ಲಿ ಬಂದೂಕುಧಾರಿಗಳು ಹೊತ್ತೊಯ್ದರು. ಅದೇ ದಾಳಿಯಲ್ಲಿ ಮದರ್ ತೆರೇಸಾ ಸಭೆಯ ನಾಲ್ವರು ಸಿಸ್ಟರುಗಳು ಕೊಲೆಯಾದರು. ಫಾದರ್ ಟಾಮ್ ಹೊರಬಂದದ್ದು ಹದಿನೆಂಟು ತಿಂಗಳ ಮೇಲೆ. ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದು, ಆಮೇಲೆ ಜಾರ್ಖಂಡದ ಆದಿವಾಸಿಗಳ ನಡುವೆ ನೆಲೆಸಿದ ಜೆಸ್ವಿಟ್ ಸ್ಟ್ಯಾನ್ ಸ್ವಾಮಿ 2020ರ ಅಕ್ಟೋಬರ್‌ನಲ್ಲಿ ಬಂಧಿತರಾಗಿ, 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ವಿಚಾರಣಾಧೀನ ಕೈದಿಯಾಗಿಯೇ ತೀರಿಕೊಂಡರು.

ಇಂಥ ಕಷ್ಟ ಗುರುವನ್ನು ಒಡೆಯಬಹುದು, ಆದರೆ ಗುರುತನವನ್ನು ಒಡೆಯುವುದಿಲ್ಲ. ಜನ ಅವನ ಜೊತೆ ನಿಲ್ಲುತ್ತಾರೆ. ಈಗಿನ ಕಷ್ಟದ ಬಗೆಯೇ ಬೇರೆ. ಅದು ಮನೆಯೊಳಗಿನಿಂದ ಬಂದದ್ದು. 2002ರ ಜನವರಿಯಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಒಂದೇ ಮಹಾಧರ್ಮಪ್ರಾಂತ್ಯದ ಕಡತಗಳನ್ನು ತೆರೆದಿಟ್ಟಾಗ ಕಂಡದ್ದು ಮಕ್ಕಳ ಮೇಲೆ ಕೈಮಾಡಿದ ಪಾದ್ರಿಗಳಷ್ಟೇ ಅಲ್ಲ. ಗೊತ್ತಿದ್ದೂ ಅವರನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಮಾಡುತ್ತ ಹೋದ ಮೇಲಿನವರೂ ಕಂಡರು. ಆ ಡಿಸೆಂಬರ್‌ನಲ್ಲಿ ಬಾಸ್ಟನ್ನಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಲಾ ರಾಜೀನಾಮೆ ಕೊಟ್ಟರು. ಅಮೆರಿಕದ ಧರ್ಮಾಧ್ಯಕ್ಷರೇ ಕೇಳಿ ಮಾಡಿಸಿದ 2004ರ ಜಾನ್ ಜೇ ಅಧ್ಯಯನ 1950ರಿಂದ 2002ರವರೆಗೆ 4,392 ಗುರುಗಳ ಮೇಲೆ ಆರೋಪ ಬಂದಿತ್ತೆಂದು ಲೆಕ್ಕ ಹಾಕಿತು. ಆ ಅವಧಿಯ ಗುರುಗಳಲ್ಲಿ ಸುಮಾರು ಶೇಕಡಾ 4. ಫ್ರಾನ್ಸಿನಲ್ಲಿ 2021ರ ಸ್ವತಂತ್ರ ಆಯೋಗ 1950ರಿಂದೀಚೆಗೆ ಗುರುಗಳು ಮತ್ತು ಸಭೆಗಳ ಸದಸ್ಯರಿಂದ ನೊಂದ ಮಕ್ಕಳ ಸಂಖ್ಯೆಯನ್ನು 2,16,000 ಎಂದು ಅಂದಾಜಿಸಿತು.

ಇದು ಪಶ್ಚಿಮದ ಕಾಯಿಲೆ, ನಮ್ಮಲ್ಲಿಲ್ಲ ಎನ್ನುವ ಸಮಾಧಾನ ಇಲ್ಲಿನ ಚರ್ಚ್ ಅಂಗಳಗಳಲ್ಲಿ ಸುಲಭವಾಗಿ ಕೇಳಿಸುತ್ತದೆ. ಪಕ್ಕದ ಕೇರಳದ ಕೊಟ್ಟಿಯೂರಿನಲ್ಲಿ ಅಪ್ರಾಪ್ತ ಬಾಲಕಿಯ ಮೇಲೆ ಅತ್ಯಾಚಾರ ನಡೆಸಿದ ವಿಚಾರಣಾ ಗುರುವಿಗೆ 2019ರಲ್ಲಿ ಪೋಕ್ಸೊ ನ್ಯಾಯಾಲಯ 20 ವರ್ಷದ ಶಿಕ್ಷೆ ಕೊಟ್ಟಿತು. ಮುಂದೆ ಹೈಕೋರ್ಟ್ ಅದನ್ನು 10 ವರ್ಷಕ್ಕೆ ಇಳಿಸಿತು, ವ್ಯಾಟಿಕನ್ ಆತನ ಗುರುಪಟ್ಟವನ್ನು ಕಿತ್ತುಹಾಕಿತು. ನಮ್ಮಲ್ಲಿ ಇಂಥ ಆಯೋಗ ಕೂತಿಲ್ಲ, ಲೆಕ್ಕ ಬರೆದಿಲ್ಲ. ಲೆಕ್ಕವಿಲ್ಲದ ಕಡೆ ತಪ್ಪೂ ಇಲ್ಲ ಎಂದುಕೊಳ್ಳುವುದು ಜಾಣತನವಲ್ಲ.

ಇಂಥ ಹೊತ್ತಿನಲ್ಲಿ ನವೀಕರಣ ಎಂದರೆ ಏನು ಎಂಬುದಕ್ಕೆ ಒಂದು ಇಡೀ ವರ್ಷವೇ ಉದಾಹರಣೆಯಾಗಿದೆ. ಹದಿನಾರನೇ ಬೆನೆಡಿಕ್ಟ್ 2009ರ ಜೂನ್‌ನಿಂದ 2010ರ ಜೂನ್‌ವರೆಗೆ ಯಾಜಕರ ವರ್ಷವನ್ನು ಘೋಷಿಸಿದರು. ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯ ಗುರು ಸಂತ ಜಾನ್ ಮರಿಯ ವಿಯಾನ್ನಿ ತೀರಿಕೊಂಡು 150 ವರ್ಷವಾದ ನೆನಪಿಗೆ. ಯೋಜನೆಯಲ್ಲಿದ್ದದ್ದು ಹಬ್ಬ, ನಡೆದದ್ದು ಬೇರೆ. ಆ ನವೆಂಬರ್‌ನಲ್ಲಿ ಐರ್ಲೆಂಡಿನ ಡಬ್ಲಿನ್ ಮಹಾಧರ್ಮಪ್ರಾಂತ್ಯದಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ಕುರಿತ ಮರ್ಫಿ ವರದಿ ಬಂತು, ಜನವರಿಯಲ್ಲಿ ಬರ್ಲಿನ್ನಿನ ಜೆಸ್ವಿಟ್ ಶಾಲೆಯ ಅಂಥದೇ ಸುದ್ದಿ ಹೊರಬಿತ್ತು, ವಸಂತಕಾಲದ ಹೊತ್ತಿಗೆ ಜರ್ಮನಿ ಪೂರ್ತಿ ಕುದಿಯುತ್ತಿತ್ತು. ವರ್ಷದ ಸಮಾರೋಪಕ್ಕೆ, ಜೂನ್ 11ರಂದು, ಸಂತ ಪೇತ್ರರ ಚೌಕದಲ್ಲಿ ಸುಮಾರು 15,000 ಗುರುಗಳು ಸೇರಿದ್ದರು. ಬೆನೆಡಿಕ್ಟ್ ಅಂದು ದೇವರ ಮುಂದೆಯೂ ನೊಂದವರ ಮುಂದೆಯೂ ಕ್ಷಮೆ ಬೇಡಿದರು. ಈ ವರ್ಷ ನಮ್ಮ ಸಾಧನೆಯನ್ನು ಮೆರೆಸುವುದಕ್ಕಾಗಿದ್ದರೆ ಈ ಘಟನೆಗಳಿಂದ ಹಾಳಾಗಿಹೋಗುತ್ತಿತ್ತು, ಶುದ್ಧಿಯಾಗುವುದು ನಮ್ಮ ಕೆಲಸವೆಂದು ಈಗ ತಿಳಿಯಬೇಕು ಎಂಬರ್ಥದ ಮಾತು ಅವರದು. ಹಬ್ಬವನ್ನು ರದ್ದು ಮಾಡದೆ, ಮುಚ್ಚಿಡಲೂ ಹೋಗದೆ ಅವರು ಅದನ್ನು ಪಶ್ಚಾತ್ತಾಪಕ್ಕೆ ತಿರುಗಿಸಿದರು. ದೂರು ತಿಳಿಸುವುದನ್ನು ಕಡ್ಡಾಯಗೊಳಿಸುವ ನಿಯಮ ಬಂದದ್ದು ಮಾತ್ರ ಇನ್ನೂ ಒಂಬತ್ತು ವರ್ಷದ ಮೇಲೆ, ಮುಂದಿನ ಜಗದ್ಗುರು ಫ್ರಾನ್ಸಿಸ್ ಅವರ ಕಾಲದಲ್ಲಿ: ದೂರು ತಿಳಿದ ಗುರುಗಳೂ ಸಿಸ್ಟರುಗಳೂ ಅದನ್ನು ಮೇಲಕ್ಕೆ ತಿಳಿಸಲೇಬೇಕು, ಮುಚ್ಚಿಟ್ಟ ಧರ್ಮಾಧ್ಯಕ್ಷರೂ ವಿಚಾರಣೆಗೆ ಒಳಪಡಬೇಕು ಎಂಬ ಆದೇಶ 2019ರ ಮೇ ತಿಂಗಳಿನದು. ಅಷ್ಟು ತಡವಾದದ್ದಕ್ಕೆ ಸಮರ್ಥನೆ ಇಲ್ಲ.

ಅದೇ ವರ್ಷದ ಆಗಸ್ಟ್ 4ರಂದು, ವಿಯಾನ್ನಿಯವರ 160ನೇ ಪುಣ್ಯದಿನಕ್ಕೆ, ಫ್ರಾನ್ಸಿಸ್ ಎಲ್ಲ ಗುರುಗಳಿಗೆ ಒಂದು ಕಾಗದ ಬರೆದರು. ಅದಕ್ಕೆ ನಾಲ್ಕು ಭಾಗ: ನೋವು, ಕೃತಜ್ಞತೆ, ಧೈರ್ಯ, ಸ್ತುತಿ. ಈ ಕ್ರಮವನ್ನು ಗಮನಿಸಬೇಕು. ಧೈರ್ಯ ಹೇಳುವ ಮೊದಲು ನೋವಿನ ಮಾತು, ನೋವಿನಲ್ಲೂ ಮೊದಲು ಬಲಿಯಾದವರದ್ದು. ಅದಾದ ಮೇಲಷ್ಟೇ, ತಾವು ಮಾಡದ ತಪ್ಪಿಗೆ ಅನುಮಾನದ ಕಣ್ಣು ಎದುರಿಸುತ್ತಿರುವ ಸಾವಿರಾರು ಗುರುಗಳ ಸಂಕಟವನ್ನು ಅವರು ಎತ್ತಿಕೊಂಡರು. ನಮ್ಮ ಧ್ಯಾನಕೂಟಗಳಲ್ಲಿ ಸಾಮಾನ್ಯವಾಗಿ ಈ ಕ್ರಮ ತಲೆಕೆಳಗಾಗುತ್ತದೆ. ಗುರುಗಳ ಮನೋಬಲದ ಮಾತು ಮೊದಲು ಬರುತ್ತದೆ, ನೊಂದವರ ಮಾತು ಸಮಯ ಉಳಿದರೆ.

ಇಬ್ಬರು ಜಗದ್ಗುರುಗಳೂ ಆಧಾರವಾಗಿ ಹಿಡಿದ ಆ ವಿಯಾನ್ನಿ ಯಾರು? ಪ್ರತಿಮೆಗಳಲ್ಲಿ ಕಾಣುವ ಬಡಕಲು ಮುಖದ ಹಿಂದೆ ವಿಚಿತ್ರ ಜೀವನವಿದೆ. 1786ರಲ್ಲಿ ಲಿಯಾನ್ ಹತ್ತಿರದ ರೈತರ ಮನೆಯಲ್ಲಿ ಹುಟ್ಟು. ಹುಡುಗನಾಗಿದ್ದಾಗ ಫ್ರೆಂಚ್ ಕ್ರಾಂತಿ. ಸರ್ಕಾರದ ಪ್ರಮಾಣ ಸ್ವೀಕರಿಸದ ಗುರುಗಳು ತಲೆಮರೆಸಿಕೊಂಡು ಮನೆಗಳಲ್ಲಿ ಪೂಜೆ ಮಾಡುತ್ತಿದ್ದ ಕಾಲ. ವಿಯಾನ್ನಿಯವರ ಪ್ರಥಮ ಪ್ರಸಾದ ಸ್ವೀಕಾರವೂ ಹಾಗೆ ಗುಟ್ಟಾಗಿಯೇ ನಡೆದದ್ದು. ಮುಂದೆ ನೆಪೋಲಿಯನ್ನನ ಸೈನ್ಯಕ್ಕೆ ಕರೆ ಬಂದಾಗ ಸೇರದೆ ಬೆಟ್ಟದ ಹಳ್ಳಿಯೊಂದರಲ್ಲಿ ಅಡಗಿದ್ದರು. ಲ್ಯಾಟಿನ್ ತಲೆಗೆ ಹತ್ತದೆ ಗುರುಮಠದಿಂದ ಹೊರಬಿದ್ದರು. ಬಾಲೆ ಎಂಬ ಗುರುವಿನ ಹಟದಿಂದಾಗಿ 1815ರಲ್ಲಿ ಹೇಗೋ ದೀಕ್ಷೆಯಾಯಿತು. ಮೂರು ವರ್ಷದ ನಂತರ ಆರ್ಸ್ ಎಂಬ, ಸುಮಾರು 230 ಜನರ ಮೂಲೆಹಳ್ಳಿಗೆ ಕಳಿಸಿದರು. ಅಲ್ಲಿಯೇ ನಲವತ್ತೊಂದು ವರ್ಷ.

ಭಕ್ತಿಯ ಪುಸ್ತಕಗಳು ಅವಸರದಲ್ಲಿ ದಾಟಿಹೋಗುವ ಸಂಗತಿಯೊಂದಿದೆ. ಈ ಮನುಷ್ಯ ಆರ್ಸ್ ಬಿಟ್ಟು ಓಡಿಹೋಗಲು ಒಂದಲ್ಲ, ಹಲವು ಸಲ ನೋಡಿದರು. ದಿನಕ್ಕೆ ಹದಿನಾರು ಗಂಟೆಯವರೆಗೂ ಪಾಪನಿವೇದನೆಯ ಗೂಡಿನಲ್ಲಿ ಕೂರಬೇಕಿತ್ತು. ದೇಶದ ನಾನಾ ಕಡೆಯಿಂದ ವರ್ಷಕ್ಕೆ ಹತ್ತಾರು ಸಾವಿರ ಜನ ಬರುತ್ತಿದ್ದರು. ತಾನು ಈ ಕೆಲಸಕ್ಕೆ ಅಯೋಗ್ಯ, ಎಲ್ಲಾದರೂ ಮಠ ಸೇರಿ ತನ್ನ ಪಾಪಕ್ಕೆ ಅಳಬೇಕು ಎಂಬುದು ಅವರ ಹಂಬಲ. 1843ರಲ್ಲಿ ಕಾಯಿಲೆಯಿಂದ ಎದ್ದವರೇ ರಾತ್ರೋರಾತ್ರಿ ಹುಟ್ಟೂರಿಗೆ ಹೋದರು; ಜನ ಬೆನ್ನುಹತ್ತಿ ಅಲ್ಲಿಗೂ ಬಂದರು. 1853ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ, ಮತ್ತೊಂದು ರಾತ್ರಿ ಹೊರಟಾಗ ಊರಿನವರಿಗೆ ಸುಳಿವು ಸಿಕ್ಕಿ, ಅಡ್ಡಗಟ್ಟಿ, ಅತ್ತುಕರೆದು ವಾಪಸ್ಸು ತಂದರು. ಅವರು ನೇರ ಪಾಪನಿವೇದನೆಯ ಗೂಡಿಗೆ ಹೋಗಿ ಕೂತರು.

ಧರ್ಮಸಭೆ 1929ರಲ್ಲಿ ವಿಚಾರಣಾ ಗುರುಗಳ ಪಾಲಕ ಸಂತನೆಂದು ಹೆಸರಿಸಿದ್ದು ಇವರನ್ನು. ಎಂದೂ ಅಲುಗಾಡದವರನ್ನು ಆರಿಸದೆ, ಓಡಿಹೋಗಿ ಹಿಂತಿರುಗಿದವರನ್ನು ಆರಿಸಿದ್ದು ಸರಿಯಾಗಿದೆ ಎಂದೇ ನನ್ನ ಅನಿಸಿಕೆ. ಬದ್ಧತೆಯ ನವೀಕರಣಕ್ಕೆ ಅರ್ಥವಿರುವುದು ಅದು ಸವೆಯುತ್ತದೆ ಎಂದು ಒಪ್ಪಿಕೊಂಡಾಗ. ಆದರೆ ಅವರ ದಿನಚರಿಯನ್ನು ಮಾದರಿಯಾಗಿ ಹಿಡಿಯುವುದರಲ್ಲಿ ಅಪಾಯವಿದೆ. ಬೇಯಿಸಿಟ್ಟ ಆಲೂಗೆಡ್ಡೆ ತಿಂದು, ಎರಡು ಮೂರು ಗಂಟೆ ನಿದ್ದೆ ಮಾಡಿ ದುಡಿದ ಕಥೆಯನ್ನು ಗುರುಮಠಗಳಲ್ಲಿ ಹೇಳುವವರು, ಅದೇ ದುಡಿಮೆ ಅವರನ್ನು ಊರು ಬಿಡಿಸಿತ್ತು ಎಂಬುದನ್ನೂ ಹೇಳಬೇಕು.

ಏಕೆಂದರೆ ಕೆಲಸದ ಹೊರೆ ಈಗ ಎಲ್ಲೆಡೆಯ ಸಮಸ್ಯೆ. 1970ರಲ್ಲಿ ಜಗತ್ತಿನ ಸುಮಾರು 65 ಕೋಟಿ ಕಥೋಲಿಕರಿಗೆ ಹತ್ತಿರ ಹತ್ತಿರ 4 ಲಕ್ಷ 20 ಸಾವಿರ ಗುರುಗಳಿದ್ದರು. 2023ರ ಹೊತ್ತಿಗೆ ಕಥೋಲಿಕರು 140 ಕೋಟಿ ದಾಟಿದ್ದಾರೆ, ಗುರುಗಳು ಸುಮಾರು 4 ಲಕ್ಷ 7 ಸಾವಿರ. ಆಫ್ರಿಕಾ ಮತ್ತು ಏಷ್ಯಾದಲ್ಲಿ ಸಂಖ್ಯೆ ಏರುತ್ತಿರುವುದರಿಂದ ಒಟ್ಟು ಲೆಕ್ಕ ಇಷ್ಟಾದರೂ ನಿಂತಿದೆ. ಯುರೋಪಿನ ಎಷ್ಟೋ ಧರ್ಮಕೇಂದ್ರಗಳಲ್ಲಿ ಇಂದು ಪೂಜೆ ಅರ್ಪಿಸುವವರು ಭಾರತದಿಂದ ಹೋದ ಗುರುಗಳು. ಅಲ್ಲಿ ಭಾಷೆ ಬರದೆ, ಚಳಿಗಾಲದಲ್ಲಿ ನಾಲ್ಕೈದು ಚರ್ಚುಗಳ ನಡುವೆ ಒಬ್ಬನೇ ಕಾರು ಓಡಿಸುವವನ ಒಂಟಿತನಕ್ಕೆ ನಮ್ಮ ಧರ್ಮಪ್ರಾಂತ್ಯಗಳು ಎಷ್ಟು ಗಮನ ಕೊಡುತ್ತಿವೆ ಎಂಬುದು ಕೇಳಬೇಕಾದ ಪ್ರಶ್ನೆ.

ಒಂಟಿತನದ ಜೊತೆಗೆ ಅಪನಂಬಿಕೆ. ಅಮೆರಿಕದ ಕ್ಯಾಥೊಲಿಕ್ ವಿಶ್ವವಿದ್ಯಾಲಯ 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂಕಿಗಳು ಮೇಲುನೋಟಕ್ಕೆ ಒಂದಕ್ಕೊಂದು ಹೊಂದುವುದೇ ಇಲ್ಲ. ಉತ್ತರಿಸಿದ ಗುರುಗಳಲ್ಲಿ ಶೇಕಡಾ 77 ಮಂದಿಯ ಬದುಕು ಒಟ್ಟಾರೆ ಚೆನ್ನಾಗಿದೆ. ಉತ್ತರಿಸಿದ ಒಟ್ಟು ಗುರುಗಳಲ್ಲೇ ಶೇಕಡಾ 45 ಮಂದಿಯಲ್ಲಿ ದಣಿದು ಬಸವಳಿದ ಒಂದಾದರೂ ಲಕ್ಷಣ ಕಂಡಿತು. ಸುಳ್ಳು ಆರೋಪ ಬಂದೀತೆಂಬ ಭಯ ಶೇಕಡಾ 82 ಮಂದಿಗೆ. ತಮ್ಮ ಧರ್ಮಾಧ್ಯಕ್ಷರ ಮೇಲೆ ವಿಶ್ವಾಸವಿದೆ ಎಂದ ಧರ್ಮಪ್ರಾಂತ್ಯದ ಗುರುಗಳು ಅರ್ಧಕ್ಕಿಂತ ತುಸು ಕಡಿಮೆ. ಅಂದರೆ ಆ ಗುರುಗಳಿಗೆ ದೇವರ ಮೇಲಿನ ನಂಬಿಕೆ ಕುಸಿದಿಲ್ಲ, ಪೂಜೆ ಬೇಸರವಾಗಿಲ್ಲ. ಬಿರುಕು ಬಿದ್ದಿರುವುದು, ಜೋಡಿಸಿದ ಕೈಗಳನ್ನು ಒಂದು ದಿನ ಯಾರ ಕೈಯಲ್ಲಿ ಇಟ್ಟಿದ್ದರೋ ಅವರ ಜೊತೆಗಿನ ಸಂಬಂಧದಲ್ಲಿ. ಅದು ಅಮೆರಿಕದ ಲೆಕ್ಕ, ನಿಜ. ಇಲ್ಲಿ ಅಂಥ ಪ್ರಶ್ನೆಪತ್ರಿಕೆ ಹಂಚಿದರೆ ಉತ್ತರ ಏನು ಬಂದೀತೆಂದು ಗುರುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದನ್ನು ಕೇಳಿದವರು ಊಹಿಸಬಲ್ಲರು.

ಹಾಗಾಗಿ ಪವಿತ್ರ ಗುರುವಾರದ ಮೂರು ಪ್ರಶ್ನೆಗಳು ಸಾಲವು. ಗುರುಗಳು ಪ್ರತಿವರ್ಷ ಸಿದ್ಧ ಎನ್ನುತ್ತಿದ್ದಾರೆ, ಬಹುಪಾಲು ಮನಸಾರೆಯೇ ಎನ್ನುತ್ತಿದ್ದಾರೆ. ಸಿದ್ಧತೆ ತೋರಬೇಕಾದವರು ಇನ್ನಿಬ್ಬರಿದ್ದಾರೆ. ಒಬ್ಬರು ಧರ್ಮಾಧ್ಯಕ್ಷರು: ವರ್ಗಾವಣೆಯ ಕಾಗದದಲ್ಲಿ ಮಾತ್ರ ಗುರುವನ್ನು ಕಾಣುವ ಆಡಳಿತ ಅವನ ಬದ್ಧತೆಯ ಬಗ್ಗೆ ಪ್ರಬೋಧನೆ ಮಾಡುವುದನ್ನು ಸ್ವಲ್ಪ ಕಾಲ ನಿಲ್ಲಿಸಿದರೂ ನಷ್ಟವಿಲ್ಲ. ಇನ್ನೊಬ್ಬರು ನಾವು. ಹಳೇ ಮೈಸೂರಿನ ಕಡೆ ಸ್ವಾಮಿಗಳು ಎನ್ನುತ್ತೇವೆ, ಕರಾವಳಿಯಲ್ಲಿ ಪಾದ್ರಿಗಳು, ಪಟ್ಟಣದಲ್ಲಿ ಫಾದರ್. ಹೆಸರು ಯಾವುದಾದರೂ ಪೀಠದ ಮೇಲೆ ಕೂರಿಸುವುದು ಒಂದೇ ಬಗೆ. ಅಷ್ಟು ಎತ್ತರದಲ್ಲಿ ಕೂತವನನ್ನು ಯಾರೂ ಪ್ರಶ್ನಿಸುವುದಿಲ್ಲ, ಊಟ ಆಯಿತೇ ಎಂದು ಯಾರೂ ಕೇಳುವುದೂ ಇಲ್ಲ. ತಪ್ಪು ನಡೆಯುವುದಕ್ಕೂ ಒಳ್ಳೆಯ ಗುರು ಒಳಗೊಳಗೇ ಕುಸಿಯುವುದಕ್ಕೂ ಅದೇ ಎತ್ತರ ಕಾರಣ.

ಬರುವ ಪವಿತ್ರ ವಾರದಲ್ಲಿ ನಿಮ್ಮ ಧರ್ಮಪ್ರಾಂತ್ಯದ ತೈಲ ಪೂಜೆ ಯಾವತ್ತು ಎಂದು ವಿಚಾರಿಸಿ, ಹೋಗಿ. ಅದು ಗುರುಗಳಿಗಷ್ಟೇ ಮೀಸಲಾದ ಪೂಜೆಯಲ್ಲ. ಜನರ ಕಡೆ ತಿರುಗಿ ಕೇಳುವ ಭಾಗಕ್ಕೆ ಜನ ಬೇಕು. ಮನೆಗೆ ಮರಳುವ ದಾರಿಯಲ್ಲಿ ನಿಮ್ಮ ಗುರುಗಳನ್ನು ಊಟಕ್ಕೆ ಕರೆಯಿರಿ. ಹಾಗೆಯೇ, ಯಾವುದೇ ಗುರುವಿನ ಬಗ್ಗೆ ಒಂದು ಮಗು ಬಾಯಿಬಿಟ್ಟು ಏನಾದರೂ ಹೇಳಿದರೆ, ಧರ್ಮಾಧ್ಯಕ್ಷರ ಅನುಮತಿಗೆ ಕಾಯಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ, ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.